ದ್ವೀಪಕ್ಕೆ ಹೊರಟವರು ಮೊದಲು ಬಾವಿಯನ್ನು ನೋಡಲಿ

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಆರಂಭವಾಗುವ ಮುನ್ನ ದೊರೆಯುವ ಅಲ್ಪ ಬಿಡುವಿನಲ್ಲಿ ಪ್ರವಾಸದ ಮಾತು ಮಲೆನಾಡಿನ ಮನೆಗಳಲ್ಲಿಯೂ ಈಗ ಸಾಮಾನ್ಯವಾಗಿದೆ. ಒಂದು ತಲೆಮಾರಿನ ಹಿಂದೆ ಪ್ರವಾಸವೆಂದರೆ ಧರ್ಮಸ್ಥಳ, ಶೃಂಗೇರಿ. ಅನುಕೂಲಸ್ಥರಿಗೆ ಕಾಶಿ, ರಾಮೇಶ್ವರ. ಇಂದು ಕಾಲೇಜಿನ ವಿದ್ಯಾರ್ಥಿಗಳು ಹಣ ಕೂಡಿಸಿಕೊಂಡು ಲಕ್ಷದ್ವೀಪಕ್ಕೆ ಹೊರಡುವ ಲೆಕ್ಕ ಹಾಕುತ್ತಾರೆ. ನಗರದಲ್ಲಿ ಉದ್ಯೋಗ ಹಿಡಿದ ಮಕ್ಕಳು ಊರಿನ ತಂದೆತಾಯಿಯರನ್ನು ಕರೆದುಕೊಂಡು ಹೋಗಲು ಬಯಸುತ್ತಾರೆ. 2024ರ ಜನವರಿಯಲ್ಲಿ ಪ್ರಧಾನಮಂತ್ರಿಯವರು ಲಕ್ಷದ್ವೀಪಕ್ಕೆ ಭೇಟಿಯಿತ್ತು, ಅಲ್ಲಿನ ಕಡಲತೀರದ ಚಿತ್ರಗಳು ದೇಶದಾದ್ಯಂತ ಹರಡಿದ ಬಳಿಕ ಈ ಬಯಕೆ ಇನ್ನಷ್ಟು ಹೆಚ್ಚಿತು.

ಬಯಕೆಯಲ್ಲಿ ತಪ್ಪೇನೂ ಇಲ್ಲ. ನೋಡದ ನಾಡನ್ನು ನೋಡಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದದ್ದು. ಆದರೆ ಮಲೆನಾಡಿನವರು ಇದುವರೆಗೆ ಹೆಚ್ಚಾಗಿ ಆತಿಥೇಯರಾಗಿದ್ದವರು. ಅತಿಥಿಗಳು ಬಂದು ಹೋದ ಮೇಲೆ ಉಳಿಯುವುದೇನು ಎಂಬುದನ್ನು ಕಣ್ಣಾರೆ ಕಂಡವರು. 2024ರ ಜನವರಿಯ ಕೊನೆಯ ರಜೆಯ ದಿನಗಳಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಚಾರಣಿಗರು ಒಮ್ಮೆಲೇ ನೆರೆದು, ಅರಣ್ಯ ಇಲಾಖೆಯು ಚಾರಣವನ್ನೇ ತಾತ್ಕಾಲಿಕವಾಗಿ ತಡೆಯಬೇಕಾಗಿ ಬಂದುದು ಇಲ್ಲಿನವರಿಗೆ ನೆನಪಿದೆ. ಅಂತಹ ಅನುಭವವುಳ್ಳವರು ತಾವೇ ಅತಿಥಿಗಳಾಗಿ ಹೊರಡುವಾಗ ಹೇಗೆ ನಡೆದುಕೊಳ್ಳಬೇಕು ಎಂಬ ವಿಚಾರ ಸಣ್ಣದಲ್ಲ. ಪ್ರವಾಸಿ ಸಂಸ್ಥೆಗಳ ಕರಪತ್ರಗಳು ಕಡಲಿನ ಬಣ್ಣವನ್ನು ಬಣ್ಣಿಸುತ್ತವೆ. ಬಾವಿಯ ಆಳವನ್ನು ಹೇಳುವುದಿಲ್ಲ. ಆ ಎರಡನೆಯ ಸಂಗತಿಯನ್ನು ತಿಳಿದವನಿಗೆ ಉಳಿದ ಸಲಹೆಗಳೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ.

ಲಕ್ಷದ್ವೀಪವು ಕನ್ನಡ ನಾಡಿಗೆ ಅಪರಿಚಿತ ಪ್ರದೇಶವೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ವಶವಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನ ಕಲೆಕ್ಟರರ ಕೈಕೆಳಗೆ ಇದ್ದವು. ದ್ವೀಪದ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು. ಅದಕ್ಕೆ ಪ್ರತಿಯಾಗಿ ಅಕ್ಕಿ ದ್ವೀಪಕ್ಕೆ ಹೋಗುತ್ತಿತ್ತು. ಕನ್ನಡ ನಾಡು ಒಂದಾದ 1956ರ ನವೆಂಬರ್ 1ರಂದೇ ಈ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. 1973ರಲ್ಲಿ ಲಕ್ಷದ್ವೀಪ ಎಂಬ ಹೆಸರು ಬಂತು. ಆಡಳಿತ ಬೇರೆಯಾದರೂ ವ್ಯಾಪಾರ ನಿಲ್ಲಲಿಲ್ಲ. ಮಂಗಳೂರಿನ ಹಳೆಯ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿಕಲ್ಲುಗಳನ್ನು ತುಂಬಿಕೊಂಡು ಮಂಜಿಗಳು ಹೋಗುತ್ತಲೇ ಬಂದಿವೆ. ದ್ವೀಪದ ಊಟದ ಎಲೆಯಲ್ಲಿ ಬೀಳುವ ಅನ್ನ, ಪಲ್ಯಗಳು ಇನ್ನೂರು ಮುನ್ನೂರು ಕಿಲೋಮೀಟರು ಕಡಲನ್ನು ದಾಟಿ ಬಂದವು ಎಂಬುದನ್ನು ಪ್ರವಾಸಿಯು ಮೊದಲ ತುತ್ತಿನಲ್ಲಿಯೇ ನೆನೆಯುವುದು ಒಳಿತು.

ಇನ್ನು ಆ ನೆಲದ ಸ್ವರೂಪ. ಬೆಟ್ಟದ ಮಕ್ಕಳಿಗೆ ಇದು ವಿಸ್ಮಯಕರವಾಗಿ ತೋರಬಹುದು: ಲಕ್ಷದ್ವೀಪವೂ ಮೂಲತಃ ಬೆಟ್ಟವೇ. ದಖ್ಖನಿನ ಕಪ್ಪು ಬಸಾಲ್ಟ್ ಶಿಲೆಯನ್ನು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹೊರಚೆಲ್ಲಿದ ಭೂಗರ್ಭದ ಬಿಸಿ ಬುಗ್ಗೆಯೇ, ಭೂಫಲಕವು ಉತ್ತರಕ್ಕೆ ಸರಿದಂತೆ, ಕಡಲ ತಳದಲ್ಲಿ ಜ್ವಾಲಾಮುಖಿಗಳ ಒಂದು ಸಾಲನ್ನು ನಿರ್ಮಿಸಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆ ಬೆಟ್ಟಗಳು ನಿಧಾನವಾಗಿ ಮುಳುಗುತ್ತ ಹೋದವು. ಅವುಗಳ ಅಂಚಿನಲ್ಲಿ ಬೆಳೆದ ಹವಳವು ಬೆಳಕನ್ನು ಬಿಡದೆ ಮೇಲೆ ಮೇಲಕ್ಕೆ ಕಟ್ಟುತ್ತ ಬಂತು. ಬೆಟ್ಟ ಮರೆಯಾಯಿತು, ಹವಳದ ಉಂಗುರ ಉಳಿಯಿತು. ಉಂಗುರದೊಳಗಿನ ಆಳವಿಲ್ಲದ ತಿಳಿನೀರು ಲಗೂನ್ ಎಂದು ಕರೆಸಿಕೊಳ್ಳುವ ಒಳಗಡಲಾಯಿತು. ಉಂಗುರದ ಒಂದು ಬದಿಯಲ್ಲಿ ಅಲೆಗಳು ಗುಡ್ಡೆಹಾಕಿದ ಹವಳದ ಮರಳೇ ದ್ವೀಪ. ಬೆಟ್ಟವು ಹೀಗೆ ಉಂಗುರದ್ವೀಪವಾಗುವ ಕ್ರಮವನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿಯೇ ವಿವರಿಸಿದ್ದನು.

ಒಟ್ಟು 36 ದ್ವೀಪಗಳು. ಜನವಸತಿ ಇರುವುದು ಹತ್ತರಲ್ಲಿ. ಎಲ್ಲವನ್ನೂ ಸೇರಿಸಿದರೆ ನೆಲದ ವಿಸ್ತೀರ್ಣ ಸುಮಾರು 32 ಚದರ ಕಿಲೋಮೀಟರು. ಮಲೆನಾಡಿನ ಒಂದು ದೊಡ್ಡ ಗ್ರಾಮ ಪಂಚಾಯಿತಿಯ ವ್ಯಾಪ್ತಿ ಇದಕ್ಕಿಂತ ಹೆಚ್ಚಿರಬಹುದು. ಆ ನೆಲದಲ್ಲಿ 2011ರ ಜನಗಣತಿಯ ಪ್ರಕಾರ ಸುಮಾರು 64 ಸಾವಿರ ಮಂದಿ, ಅಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಅಧಿಕ ಮಂದಿ ಇದ್ದರು. ನೆಲದ ಬಹುಭಾಗ ಕಡಲ ಮಟ್ಟದಿಂದ ಕೇವಲ ಒಂದೆರಡು ಮೀಟರು ಎತ್ತರದಲ್ಲಿದೆ. ಅಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ, ಅಬ್ಬಿಯಿಲ್ಲ, ಗುಡ್ಡದಿಂದ ಇಳಿದು ಬರುವ ಒರತೆಯಿಲ್ಲ.

ಹಾಗಾದರೆ ಕುಡಿಯುವ ನೀರು ಎಲ್ಲಿಯದು? ಮಳೆಯದು. ವರ್ಷಕ್ಕೆ ಸುಮಾರು 1,600 ಮಿಲಿಮೀಟರು ಸುರಿಯುವ ಮಳೆ ಮರಳಿನೊಳಗೆ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಕೊಂಚ ಹಗುರವಾದುದರಿಂದ ಮಾತ್ರ ಈ ಏರ್ಪಾಡು ಸಾಧ್ಯವಾಗಿದೆ. ಬಾವಿಯನ್ನು ಕೆಲವೇ ಅಡಿ ತೋಡಿದರೆ ಸಿಹಿನೀರು ಸಿಗುತ್ತದೆ. ಆದರೆ ಆ ನೀರಿನ ಲೆಕ್ಕ ಮಲೆನಾಡಿನ ಬಾವಿಯ ಲೆಕ್ಕದಂತಲ್ಲ. ಕಡಲ ಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ನಿಲ್ಲಬಲ್ಲದು ಎಂಬುದು ಜಲವಿಜ್ಞಾನದ ಒಂದು ಪ್ರಸಿದ್ಧ ಸೂತ್ರ. ಇದನ್ನು ತಿರುಗಿಸಿ ಓದಿದರೆ, ಮೇಲಿನ ಮಟ್ಟ ಒಂದು ಅಡಿ ಇಳಿದಾಗ ಕೆಳಗಿನಿಂದ ಉಪ್ಪು ನಲವತ್ತು ಅಡಿ ಏರಿಬರುವ ಅಪಾಯವಿದೆ. ಮಲೆನಾಡಿನಲ್ಲಿ ಹೆಚ್ಚು ಎತ್ತಿದರೆ ಬಾವಿ ಬತ್ತುತ್ತದೆ, ಮುಂದಿನ ಮಳೆಗೆ ತುಂಬುತ್ತದೆ. ದ್ವೀಪದಲ್ಲಿ ಹೆಚ್ಚು ಎತ್ತಿದರೆ ಬಾವಿ ಬತ್ತುವುದಿಲ್ಲ, ಉಪ್ಪಾಗುತ್ತದೆ. ಹಾಗೆ ಕೆಟ್ಟ ಬಾವಿ ಮತ್ತೆ ಸಿಹಿಯಾಗಲು ಹಲವು ಮಳೆಗಾಲಗಳು ಬೇಕಾದಾವು.

ವಿಜ್ಞಾನಿಗಳು ಇದಕ್ಕೊಂದು ಸಹಾಯ ಹುಡುಕಿದರು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಕವರತ್ತಿಯಲ್ಲಿ, ಸುಮಾರು 350 ಮೀಟರು ಆಳದ ತಣ್ಣನೆಯ ಕಡಲನೀರನ್ನು ಮೇಲೆತ್ತಿ, ಅದರ ತಂಪಿನಿಂದ ಮೇಲ್ಮೈ ನೀರಿನ ಆವಿಯನ್ನು ಸಿಹಿನೀರಾಗಿಸುವ ಘಟಕವನ್ನು ಸ್ಥಾಪಿಸಿತು. ಅದರ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರು. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆದರೆ 2011ರಲ್ಲಿ ಕವರತ್ತಿಯ ಜನಸಂಖ್ಯೆ 11 ಸಾವಿರಕ್ಕೂ ಅಧಿಕವಾಗಿತ್ತು. ಭಾಗಿಸಿದರೆ ತಲೆಗೆ ದಿನಕ್ಕೆ ಒಂಬತ್ತು ಲೀಟರು. ಪ್ರವಾಸಿಯೊಬ್ಬನು ಷವರಿನ ಕೆಳಗೆ ಹತ್ತು ನಿಮಿಷ ನಿಂತರೆ ಎಂಬತ್ತರಿಂದ ನೂರು ಲೀಟರು ನೀರು ಹರಿದುಹೋಗುತ್ತದೆ. ಘಟಕಕ್ಕೆ ವಿದ್ಯುತ್ ಬೇಕು. ದ್ವೀಪದ ವಿದ್ಯುತ್ತಿನ ಹೆಚ್ಚಿನ ಪಾಲು ಹಡಗಿನಲ್ಲಿ ಬರುವ ಡೀಸೆಲ್‌ನಿಂದ ಬರುತ್ತದೆ. ಎಲ್ಲ ಸಿಹಿನೀರಿಗೂ ಅಲ್ಲಿ ಒಂದು ಬೆಲೆಯಿದೆ, ಅದನ್ನು ತೆರುವವರು ದ್ವೀಪದ ನಿವಾಸಿಗಳು.

ಆದುದರಿಂದ ದ್ವೀಪಕ್ಕೆ ಹೋಗುವವನ ಮೊದಲ ನಿಯಮ ನೀರಿನದು. ಸ್ನಾನಕ್ಕೆ ಒಂದು ಬಕೆಟು, ಒಂದು ತಂಬಿಗೆ ಸಾಕು. ಕಡಲಲ್ಲಿ ಈಜಿ ಬಂದ ಪ್ರತಿ ಸಲವೂ ಸೋಪು ಹಚ್ಚಿ ಮೀಯುವ ಅಗತ್ಯವಿಲ್ಲ. ಒಂದು ಚೊಂಬಿನಲ್ಲಿ ಉಪ್ಪು ತೊಳೆದು ದಿನದ ಕೊನೆಗೆ ಒಮ್ಮೆ ಸ್ನಾನ ಮಾಡಬಹುದು. ಬಟ್ಟೆ ಒಗೆಯುವ ಕೆಲಸವನ್ನು ಊರಿಗೆ ಮರಳುವವರೆಗೆ ಮುಂದೂಡಲು ಸಾಧ್ಯವಾಗುವಷ್ಟು ಬಟ್ಟೆಯನ್ನು ಒಯ್ಯತಕ್ಕದ್ದು. ಮರಳಿನಲ್ಲಿ ಸುರಿದ ಸೋಪಿನ ನೀರೂ ಶೌಚದ ಗುಂಡಿಯ ನೀರೂ ಇಳಿಯುವುದು ಅದೇ ತೆಳುವಾದ ಸಿಹಿನೀರಿನ ಪದರಕ್ಕೆ ಎಂಬುದನ್ನು ಮರೆಯಲಾಗದು. ತಂಗುವ ಸ್ಥಳವನ್ನು ಗೊತ್ತುಮಾಡುವಾಗ ಬಾಡಿಗೆಯ ಜೊತೆಗೆ ಎರಡು ಪ್ರಶ್ನೆಗಳನ್ನು ಕೇಳಬೇಕು: ನೀರು ಎಲ್ಲಿಂದ ಬರುತ್ತದೆ? ಕೊಳೆನೀರು ಎಲ್ಲಿಗೆ ಹೋಗುತ್ತದೆ? ಉತ್ತರ ಹೇಳಲಾರದವನ ಮನೆಯಲ್ಲಿ ಉಳಿಯದಿರುವುದೇ ಲೇಸು. ಈಜುಕೊಳವುಳ್ಳ ತಂಗುದಾಣವಂತೂ ಇಂತಹ ದ್ವೀಪದಲ್ಲಿ ಪೂರ್ಣವಾಗಿ ಅಸಂಗತ.

ಹೊರಡುವ ಸಿದ್ಧತೆಯ ವಿಷಯಕ್ಕೆ ಬಂದರೆ, ಲಕ್ಷದ್ವೀಪಕ್ಕೆ ಟಿಕೆಟು ಕೊಂಡ ಮಾತ್ರಕ್ಕೆ ಹೋಗಲಾಗದು. ದ್ವೀಪದವರಲ್ಲದ ಎಲ್ಲರಿಗೂ ಪ್ರವೇಶ ಪರವಾನಗಿ ಅಗತ್ಯ. ಅದಕ್ಕೆ ದಾಖಲೆಗಳು ಬೇಕು, ಸಮಯವೂ ಬೇಕು. ಹಲವು ವಾರಗಳ ಮೊದಲೇ ಅರ್ಜಿ ಹಾಕುವುದು, ಆ ವೇಳೆಯಲ್ಲಿ ಜಾರಿಯಲ್ಲಿರುವ ನಿಯಮಗಳನ್ನು ಆಡಳಿತದಿಂದಲೇ ಕೇಳಿ ತಿಳಿಯುವುದು ಜಾಣತನ. ಕೆಲವರು ಇದನ್ನು ಕಿರುಕುಳವೆಂದು ಗೊಣಗುತ್ತಾರೆ. ಆದರೆ ಅಲ್ಲಿನ ನಿವಾಸಿಗಳು ಬಹುತೇಕ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರ ನೆಲವನ್ನೂ ಬದುಕನ್ನೂ ಕಾಯುವ ಸಲುವಾಗಿಯೇ 1967ರಲ್ಲಿ ಪ್ರವೇಶ ನಿರ್ಬಂಧದ ನಿಯಮಗಳು ಬಂದವು. ಬಾಗಿಲು ತಟ್ಟಿ ಒಳಗೆ ಹೋಗುವುದು ಅತಿಥಿಗೆ ಅವಮಾನವಲ್ಲ.

ಅಕ್ಟೋಬರಿನಿಂದ ಮೇ ತಿಂಗಳ ನಡುವಿನವರೆಗೆ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಪ್ರಯಾಣ ಕಷ್ಟಕರ, ದೋಣಿ ವಿಹಾರ ಅಪಾಯಕರ. ಶಾಂತ ಕಾಲದಲ್ಲಿಯೂ ಚಂಡಮಾರುತ ಬಾರದೆಂದಿಲ್ಲ. 2017ರ ಡಿಸೆಂಬರಿನ ಆರಂಭದಲ್ಲಿ ಒಖಿ ಚಂಡಮಾರುತವು ಮಿನಿಕಾಯ್, ಕಲ್ಪೇನಿ ಮೊದಲಾದ ದ್ವೀಪಗಳಿಗೆ ಹಾನಿ ಮಾಡಿತು. ಕೊಚ್ಚಿಯಿಂದ ಅಗತ್ತಿಗೆ ಸಣ್ಣ ವಿಮಾನಗಳಿವೆ. ಹಡಗಿನಲ್ಲಿ ಹೋದರೆ ದ್ವೀಪವನ್ನು ಅನುಸರಿಸಿ ಹದಿನಾಲ್ಕರಿಂದ ಇಪ್ಪತ್ತು ಗಂಟೆ ಹಿಡಿಯುತ್ತದೆ. ಕಾಲಾವಕಾಶವುಳ್ಳವರು ಹಡಗನ್ನೇ ಆರಿಸಿಕೊಳ್ಳಲಿ. ದ್ವೀಪವು ದಡದಿಂದ ಎಷ್ಟು ದೂರ, ಅಲ್ಲಿಗೆ ಒಂದು ಮೂಟೆ ಅಕ್ಕಿ ತಲುಪುವುದೆಂದರೆ ಏನು ಎಂಬುದು ಹಡಗಿನಲ್ಲಿ ಹೋದವನಿಗೆ ಚೆನ್ನಾಗಿ ತಿಳಿಯುತ್ತದೆ. ಘಾಟಿಯ ತಿರುವಿನಲ್ಲಿ ವಾಂತಿ ಮಾಡುವವರು ಹಡಗಿನಲ್ಲಿಯೂ ತೊಂದರೆಪಡುವ ಸಂಭವವಿದೆ. ಅಂಥವರು ಹಡಗಿನ ನಡುಭಾಗದಲ್ಲಿ ಕುಳಿತು ದಿಗಂತವನ್ನು ನೋಡುತ್ತಿರಬೇಕು, ಮಿತವಾಗಿ ಉಣ್ಣಬೇಕು, ವೈದ್ಯರನ್ನು ಕೇಳಿ ಮಾತ್ರೆ ಜೊತೆಗಿಟ್ಟುಕೊಳ್ಳಬೇಕು. ಹಲವು ಕಡೆ ಹಡಗು ಹವಳದ ದಂಡೆಯ ಹೊರಗೆ ನಿಂತು, ಪ್ರಯಾಣಿಕರು ಅಲುಗಾಡುವ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಇದನ್ನು ಮೊದಲೇ ವಿಚಾರಿಸಲಿ. ನಿತ್ಯ ಸೇವಿಸುವ ಔಷಧಿಗಳನ್ನು ಒಂದು ವಾರಕ್ಕೆ ಹೆಚ್ಚುವರಿಯಾಗಿ ಇಟ್ಟುಕೊಳ್ಳಲಿ. ಗಂಭೀರ ಕಾಯಿಲೆಯಾದರೆ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ದಡಕ್ಕೆ ಸಾಗಿಸಬೇಕಾದ ಸ್ಥಿತಿ ಅಲ್ಲಿನವರಿಗೂ ಇದೆ. ಹವಾಮಾನದಿಂದ ಪ್ರಯಾಣ ಒಂದೆರಡು ದಿನ ಮುಂದೆ ಹೋಗಬಹುದು. ಪರೀಕ್ಷೆಯ ಹಿಂದಿನ ದಿನ ಮರಳುವಂತೆ ವಿದ್ಯಾರ್ಥಿಗಳು ಟಿಕೆಟು ಮಾಡಿಸಬಾರದು.

ನೀರಿನ ಬಳಿಕ ಹವಳ. ಹವಳವೆಂದರೆ ಕಲ್ಲಲ್ಲ, ಜೀವಿ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೆ ಬಹುಪಾಲು ಊಟ ಒದಗಿಸುತ್ತವೆ. ಬಣ್ಣ ಕೊಡುವುದರಲ್ಲಿಯೂ ಅವುಗಳ ಪಾಲು ದೊಡ್ಡದು. ಬೇಸಗೆಯ ಅತ್ಯಧಿಕ ಉಷ್ಣತೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚಿನ ಬಿಸಿ ನೀರಿನಲ್ಲಿ ಕೆಲವು ವಾರ ನಿಂತರೆ ಹವಳವು ಈ ಪಾಚಿಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ತಗ್ಗದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ ಇಂತಹ ವ್ಯಾಪಕ ಬಿಳಿಚುವಿಕೆ 1998, 2010 ಮತ್ತು 2016ರಲ್ಲಿ, ಮತ್ತೆ 2024ರಲ್ಲಿ ಕಂಡುಬಂತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗತ್ತಿ, ಕಡಮತ್, ಕವರತ್ತಿಗಳ ಹವಳವನ್ನು 1998ರಿಂದ ಎರಡು ದಶಕಗಳಿಗೂ ಮೀರಿ ಅಳೆಯುತ್ತ ಬಂದಿದ್ದಾರೆ. ಆ ಅವಧಿಯಲ್ಲಿ ಜೀವಂತ ಹವಳದ ಹೊದಿಕೆ ಶೇಕಡಾ 37ರ ಆಸುಪಾಸಿನಿಂದ ಸುಮಾರು 19ಕ್ಕೆ, ಅಂದರೆ ಅರ್ಧದಷ್ಟಕ್ಕೆ ಇಳಿದಿದೆ ಎಂಬುದು ಅವರ ಅಧ್ಯಯನದ ಸಾರ.

ದ್ವೀಪಕ್ಕೆ ಇದು ಬರಿಯ ಸೌಂದರ್ಯದ ನಷ್ಟವಲ್ಲ. ಹೊರಗಡಲ ಅಲೆಯ ಬಲವನ್ನು ಮುರಿಯುವುದು ಹವಳದ ದಂಡೆ. ದಂಡೆ ಬೆಳೆಯುವುದನ್ನು ನಿಲ್ಲಿಸಿದರೆ ಏರುವ ಕಡಲು ಮರಳನ್ನು ಕೊರೆಯುತ್ತದೆ, ಅಲೆ ಒಳನುಗ್ಗಿ ಬಾವಿಗೆ ಉಪ್ಪು ಸೇರುತ್ತದೆ. ಬಂಗಾರಂ ಸಮೂಹದ ಪರಳಿ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪಗಳಲ್ಲೊಂದು ಸಂಪೂರ್ಣವಾಗಿ ಕೊರೆದುಹೋಗಿದೆಯೆಂದು 2017ರಲ್ಲಿ ಸಂಶೋಧನೆಯೊಂದು ತಿಳಿಸಿತು. ಮಲೆನಾಡಿನಲ್ಲಿ ಕಾಡು ಹೋದರೆ ಗುಡ್ಡ ಕುಸಿಯುವುದಕ್ಕೂ ಅಲ್ಲಿ ಹವಳ ಹೋದರೆ ದ್ವೀಪ ಕರಗುವುದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ಕಡಲಿನ ಬಿಸಿಯನ್ನು ಒಬ್ಬ ಪ್ರವಾಸಿ ತಗ್ಗಿಸಲಾರನು. ಆದರೆ ಬಿಸಿಯಿಂದ ಬಳಲಿದ ಹವಳದ ಮೇಲೆ ಕಾಲಿಡದೆ ಇರಬಲ್ಲನು. ಕವಲೊಡೆದ ಹವಳ ವರ್ಷಕ್ಕೆ ಹೆಚ್ಚೆಂದರೆ ಹತ್ತು ಸೆಂಟಿಮೀಟರಿನಷ್ಟು, ಗುಂಡುಬಂಡೆಯಂತಹ ಹವಳ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಒಂದು ತುಳಿತಕ್ಕೆ ಹತ್ತು ವರ್ಷದ ಬೆಳವಣಿಗೆ ಮುರಿಯುತ್ತದೆ. ಈಜುವಾಗ ದಣಿದರೆ ಬೆನ್ನಮೇಲೆ ತೇಲಬೇಕೇ ಹೊರತು ಹವಳದ ಮೇಲೆ ನಿಲ್ಲಬಾರದು. ದೋಣಿಯವನು ಹವಳದ ಮೇಲೆ ಲಂಗರು ಹಾಕಲು ಹೊರಟರೆ ಮರಳಿನ ತಾಣದಲ್ಲಿ ಹಾಕುವಂತೆ ವಿನಯದಿಂದ ಕೇಳಬೇಕು. ಕೆಲವು ಬಿಸಿಲುರಕ್ಷಕ ಲೇಪಗಳಲ್ಲಿರುವ ಆಕ್ಸಿಬೆಂಜೋನ್ ಎಂಬ ರಾಸಾಯನಿಕವು ಹವಳದ ಮರಿಗಳಿಗೆ ಹಾನಿಕರವೆಂದು ಪ್ರಯೋಗಗಳು ತೋರಿಸಿವೆ. ಶಾಂತ ಸಾಗರದ ಪಲಾವು ದೇಶವು 2020ರಿಂದಲೂ ಹವಾಯಿ ರಾಜ್ಯವು 2021ರಿಂದಲೂ ಅಂತಹ ಲೇಪಗಳನ್ನು ನಿಷೇಧಿಸಿವೆ. ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೋಪಿ ಇವೆರಡೂ ಎಲ್ಲ ಲೇಪಗಳಿಗಿಂತ ಅಗ್ಗ, ನಿರುಪದ್ರವಿ. ಬಿಳಿಯ ಮರಳಿನಿಂದ ಪುಟಿಯುವ ಬಿಸಿಲು ಮೋಡದ ನಾಡಿನವರ ಚರ್ಮವನ್ನು ಒಂದೇ ಮಧ್ಯಾಹ್ನದಲ್ಲಿ ಸುಡಬಲ್ಲದು.

ಹೊಳೆಯಲ್ಲಿ ಈಜು ಕಲಿತ ಹುಡುಗರಿಗೆ ಒಂದು ಎಚ್ಚರಿಕೆ ಅವಶ್ಯ. ಒಳಗಡಲು ಬಹುತೇಕ ದ್ವೀಪಗಳ ಪಶ್ಚಿಮಕ್ಕಿದೆ; ಅಲ್ಲಿ ನೀರು ಆಳವಿಲ್ಲದ್ದು, ಶಾಂತ. ಪೂರ್ವದ ಬದಿಯಲ್ಲಿ ದಡದ ಸಮೀಪವೇ ಕಡಲು ಒಮ್ಮೆಗೆ ಆಳಕ್ಕಿಳಿಯುತ್ತದೆ. ಹವಳದ ದಂಡೆಯ ನಡುವಿನ ಕಂಡಿಗಳಲ್ಲಿ ಇಳಿತದ ಹೊತ್ತಿಗೆ ನೀರು ರಭಸದಿಂದ ಹೊರಕ್ಕೆ ಎಳೆಯುತ್ತದೆ. ಸ್ಥಳೀಯರು ಬೇಡವೆಂದ ಕಡೆ ಇಳಿಯಬಾರದು. ದೋಣಿಯಲ್ಲಿ ಲೈಫ್ ಜಾಕೆಟ್ಟನ್ನು ಕಳಚಬಾರದು. ಉಸಿರಾಟದ ಸಿಲಿಂಡರು ಕಟ್ಟಿಕೊಂಡು ಆಳಕ್ಕೆ ಮುಳುಗಿದವರು ಕನಿಷ್ಠ 18ರಿಂದ 24 ಗಂಟೆಗಳ ಕಾಲ ವಿಮಾನ ಹತ್ತಬಾರದು. ರಕ್ತದಲ್ಲಿ ಸೇರಿದ ಸಾರಜನಕವು ಎತ್ತರದಲ್ಲಿ ಗುಳ್ಳೆಯಾಗಿ ಪ್ರಾಣಕ್ಕೆ ಅಪಾಯ ತಂದೀತು. ಮುಳುಗುವ ಆಟವನ್ನು ಪ್ರವಾಸದ ಮೊದಲ ದಿನಗಳಲ್ಲಿ ಇಟ್ಟುಕೊಳ್ಳುವುದು ಇದಕ್ಕೆ ಸುಲಭದ ಉಪಾಯ.

ಊಟದಲ್ಲಿಯೂ ವಿವೇಕ ಬೇಕು. ದ್ವೀಪದವರ ಸಾಂಪ್ರದಾಯಿಕ ಮೀನು ಟ್ಯೂನಾ. ಮಿನಿಕಾಯಿನವರು ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿಯುವ ಈ ಪದ್ಧತಿಯಲ್ಲಿ ಬಲೆಗೆ ಬೇಡದ ಜೀವಿಗಳು ಸಿಕ್ಕಿ ಸಾಯುವ ಪ್ರಮೇಯವಿಲ್ಲ. ಹೊರಗಡಲಿನ ಟ್ಯೂನಾ ಇದ್ದುದರಿಂದಲೇ ಹವಳದ ಮೀನುಗಳು ಬಹುಕಾಲ ಉಳಿದುಕೊಂಡವು. ಪ್ರವಾಸಿಗೆ ಬಣ್ಣದ ಮೀನು ತಟ್ಟೆಯಲ್ಲಿ ಬೇಕೆನಿಸಿದರೆ ಈ ಸಮತೋಲ ಕೆಡುತ್ತದೆ. ಗಿಳಿಯ ಕೊಕ್ಕಿನಂತಹ ಬಾಯುಳ್ಳ ಪ್ಯಾರಟ್ ಮೀನು ಹವಳದ ಮೇಲೆ ಹಬ್ಬುವ ಪಾಚಿಯನ್ನು ಕೆರೆದು ತಿಂದು, ಜೊತೆಗೆ ನುಂಗಿದ ಹವಳದ ಚೂರನ್ನು ಮರಳಾಗಿ ವಿಸರ್ಜಿಸುತ್ತದೆ. ಪ್ರವಾಸಿಯು ಮಲಗಿ ಬಿಸಿಲು ಕಾಯಿಸುವ ಬಿಳಿಯ ಮರಳಿನ ಒಂದು ಪಾಲು ಆ ಮೀನಿನ ದುಡಿಮೆ. ಮೀನು ತಿನ್ನುವವರು ಟ್ಯೂನಾವನ್ನೇ ಕೇಳಲಿ. ತಿನ್ನದವರು ತರಕಾರಿಗಾಗಿ ಹಠ ಹಿಡಿಯದೆ, ಹಡಗು ತಂದದ್ದರಲ್ಲಿ, ತೆಂಗಿನಕಾಯಿಯಲ್ಲಿ ತೃಪ್ತರಾಗಲಿ.

ನೆನಪಿಗೆಂದು ಚಿಪ್ಪು, ಹವಳದ ತುಂಡು ಆರಿಸಿ ತರುವ ಚಪಲವನ್ನು ಬಿಡಲೇಬೇಕು. ಹವಳಗಳು, ಕಡಲಸೌತೆಗಳು ಹಾಗೂ ಹಲವು ಬಗೆಯ ಶಂಖಚಿಪ್ಪುಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಸತ್ತ ಹವಳದ ತುಂಡೂ ಸಹ ತೊಂದರೆಗೆ ಕಾರಣವಾದೀತು. ಖಾಲಿ ಚಿಪ್ಪು ಕಾಣುವುದು ಖಾಲಿಯಾಗಿ. ಅದು ಸನ್ಯಾಸಿ ಏಡಿಯ ಮನೆಯಾಗಿರುತ್ತದೆ, ಇಲ್ಲವೇ ಪುಡಿಯಾಗಿ ದ್ವೀಪದ ನೆಲವಾಗುತ್ತದೆ. ಕಡಲಹುಲ್ಲು ಮೇಯುವ ಆಮೆಗಳನ್ನು ಅಟ್ಟಿಸಿಕೊಂಡು ಚಿತ್ರ ತೆಗೆಯುವುದೂ ಪಿಟ್ಟಿ ದ್ವೀಪದಂತಹ ಹಕ್ಕಿಗಳ ಸಂತಾನೋತ್ಪತ್ತಿಯ ತಾಣಕ್ಕೆ ನುಗ್ಗುವುದೂ ಕಾಡಿನಲ್ಲಿ ಆನೆಯ ಮುಂದೆ ಗಾಡಿ ನಿಲ್ಲಿಸಿ ಶಬ್ದ ಮಾಡುವಷ್ಟೇ ಅವಿವೇಕ.

ಕಸದ ಮಾತು ಮಲೆನಾಡಿನವರಿಗೆ ವಿವರಿಸಿ ಹೇಳಬೇಕಾದುದಲ್ಲ. ದ್ವೀಪದಲ್ಲಿ ಕಸ ಹಾಕಲು ಬೇರೆ ಜಾಗವಿಲ್ಲ. ಸುಡಬೇಕು, ಹೂಳಬೇಕು, ಇಲ್ಲವೇ ಹಡಗಿನಲ್ಲಿ ಹಿಂದಕ್ಕೆ ಕಳುಹಿಸಬೇಕು. ಸುಟ್ಟರೆ ಹೊಗೆ, ಹೂತರೆ ಬಾವಿ. ಆದುದರಿಂದ ಸ್ಟೀಲಿನ ನೀರಿನ ಬಾಟಲಿ, ಬಟ್ಟೆಯ ಚೀಲ, ಒಂದು ತಟ್ಟೆ, ಒಂದು ಲೋಟ ಇವು ಗಂಟಿನಲ್ಲಿರಲಿ. ಪೊಟ್ಟಣದ ತಿನಿಸಿಗೆ ಬದಲು ಮನೆಯ ಅವಲಕ್ಕಿ, ಚಕ್ಕುಲಿ, ಒಣ ಹಲಸಿನ ಹಪ್ಪಳಗಳನ್ನು ಡಬ್ಬಿಯಲ್ಲಿ ಒಯ್ಯಬಹುದು. ಒಯ್ದ ಪ್ಲಾಸ್ಟಿಕ್, ಬ್ಯಾಟರಿ, ಸ್ಯಾನಿಟರಿ ಪ್ಯಾಡುಗಳನ್ನು ಚೀಲವೊಂದರಲ್ಲಿ ಕಟ್ಟಿ ಮರಳಿ ತರುವುದು ಎಲ್ಲ ಪ್ರವಾಸಿಗಳ ಕರ್ತವ್ಯ.

ದ್ವೀಪವೆಂದರೆ ಜನರಿಲ್ಲದ ಮರಳದಂಡೆ ಎಂಬ ಭಾವನೆಯನ್ನು ಕರಪತ್ರಗಳು ಹುಟ್ಟಿಸುತ್ತವೆ. ವಾಸ್ತವವಾಗಿ ಅದು ಮಸೀದಿ, ಶಾಲೆ, ತೆಂಗಿನ ತೋಟಗಳುಳ್ಳ ಒಂದು ಊರು. ಜನ ಬಹುತೇಕ ಮುಸಲ್ಮಾನರು; ಮಾತು ಮಲಯಾಳದ ಒಂದು ಬಗೆ, ಮಿನಿಕಾಯಿನಲ್ಲಿ ಮಾತ್ರ ಮಹಲ್. ತಾಯಿಯ ಕಡೆಯಿಂದ ಮನೆತನ ನಡೆಯುವ ಸಂಪ್ರದಾಯ ಅಲ್ಲಿನದು. ಅಳಿಯಸಂತಾನವನ್ನು ಬಲ್ಲ ತುಳುನಾಡಿನ ನೆರೆಯವರಿಗೆ ಇದು ಅಪರಿಚಿತವೆನಿಸದು. ಊರೊಳಗೆ ನಡೆಯುವಾಗ ಮೈಮುಚ್ಚುವ ಉಡುಪು ಧರಿಸುವುದು, ಹೆಂಗಸರ, ಮಕ್ಕಳ ಚಿತ್ರವನ್ನು ಕೇಳದೆ ತೆಗೆಯದಿರುವುದು, ಶುಕ್ರವಾರದ ನಮಾಜಿನ ವೇಳೆಯಲ್ಲಿ ಗದ್ದಲ ಮಾಡದಿರುವುದು ಸಭ್ಯತೆಯ ಅಂಶಗಳು. ಜನವಸತಿಯ ದ್ವೀಪಗಳಲ್ಲಿ ಮದ್ಯವನ್ನು ದೂರವಿಟ್ಟ ಸಮಾಜ ಅದು. ಚೀಲದಲ್ಲಿ ಬಾಟಲಿ ಬಚ್ಚಿಟ್ಟುಕೊಂಡು ಹೋಗುವವನು ಆ ಊರನ್ನು ಹೀಗಳೆದಂತೆ. ಜಾತ್ರೆಯ ದಿನ ದೇವಸ್ಥಾನದ ಮುಂದೆ ಕುಡಿದು ಕುಣಿಯುವ ಹೊರಗಿನವರ ಬಗೆಗೆ ಮಲೆನಾಡಿನ ಊರಿಗೆ ಏನು ಅನಿಸುತ್ತದೆಯೋ ಅದೇ ಅಲ್ಲಿನವರಿಗೂ ಅನಿಸುತ್ತದೆ.

ಇಷ್ಟೆಲ್ಲವನ್ನು ಪಾಲಿಸಿದ ಮಾತ್ರಕ್ಕೆ ದ್ವೀಪ ಉಳಿಯಿತೆಂದು ಹೇಳಲಾಗದು. ಒಬ್ಬನು ಒಂದು ಬಕೆಟಿನಲ್ಲಿ ಮಿಂದರೂ ಹಾಸಿಗೆಗಳ ಸಂಖ್ಯೆ ಹತ್ತುಪಟ್ಟು ಹೆಚ್ಚಿದರೆ ಬಾವಿಗೆ ಪ್ರಯೋಜನವಿಲ್ಲ. ಎಷ್ಟು ಮಂದಿಯನ್ನು ಆ ನೆಲ ತಾಳಬಲ್ಲದು ಎಂಬ ಪ್ರಶ್ನೆ ಹೊಸದಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿಯೂ ನ್ಯಾಯಾಧೀಶರಾಗಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಅಧ್ಯಕ್ಷತೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ನೇಮಿಸಿದ ಸಮಿತಿಯು, ಲಕ್ಷದ್ವೀಪದ ಅಭಿವೃದ್ಧಿಯು ದ್ವೀಪಗಳ ಸಮಗ್ರ ನಿರ್ವಹಣಾ ಯೋಜನೆಗೆ ಒಳಪಟ್ಟೇ ನಡೆಯಬೇಕೆಂಬ ದಾರಿಯನ್ನು ತೋರಿತು. ಆ ಬಳಿಕವೂ ಒಳಗಡಲಿನ ನೀರಿನ ಮೇಲೆಯೇ ಕುಟೀರಗಳನ್ನು ಕಟ್ಟುವ ಐಷಾರಾಮಿ ಯೋಜನೆಗಳು ಮುಂದೆ ಬಂದವು. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮಾವಳಿ ಪ್ರಕಟವಾದಾಗ, ನೆಲ ಕೈತಪ್ಪುವ ಭಯದಿಂದ ದ್ವೀಪವಾಸಿಗಳು ಮನೆಮನೆಗಳಲ್ಲಿ ಉಪವಾಸ ಕುಳಿತು ಪ್ರತಿಭಟಿಸಿದರು. ಅನೇಕ ವಿಜ್ಞಾನಿಗಳೂ ಕರಡನ್ನು ಹಿಂತೆಗೆಯುವಂತೆ ಕೇಳಿದರು. ಪ್ರವಾಸೋದ್ಯಮದಿಂದ ದ್ವೀಪದ ಯುವಕರಿಗೆ ಉದ್ಯೋಗ ದೊರೆಯುವುದೆಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಕೊಬ್ಬರಿ, ಮೀನುಗಳ ಆಚೆಗೆ ಅವರಿಗೆ ಆದಾಯ ಬೇಕು. ಆದರೆ ಆ ಆದಾಯ ದ್ವೀಪದ ಮನೆಗಳಿಗೆ ಬರುವುದೋ, ದೂರದ ನಗರದ ಕಚೇರಿಗೆ ಹೋಗುವುದೋ ಎಂಬುದನ್ನು ಪ್ರವಾಸಿಯ ಆಯ್ಕೆಯೂ ನಿರ್ಧರಿಸುತ್ತದೆ. ದ್ವೀಪದವರೇ ನಡೆಸುವ ಮನೆವಾಸ, ದ್ವೀಪದವನ ದೋಣಿ, ದ್ವೀಪದ ಹೆಂಗಸರು ಮಾಡಿದ ಬೆಲ್ಲ, ಉಪ್ಪಿನಕಾಯಿ, ಒಣ ಟ್ಯೂನಾಗಳಿಗೆ ತೆತ್ತ ಹಣ ಅಲ್ಲಿಯೇ ಉಳಿಯುತ್ತದೆ.

ಲಕ್ಷದ್ವೀಪಕ್ಕೆ ಹೋಗಿಬಂದ ವಿದ್ಯಾರ್ಥಿಯು ಊರಿನಲ್ಲಿ ಚಿತ್ರಗಳನ್ನು ತೋರಿಸುವಾಗ ಒಂದು ಬಾವಿಯ ಚಿತ್ರವನ್ನೂ ತೋರಿಸಲಿ. ಅದರ ಆಳ ಎಷ್ಟು, ನೀರಿನ ರುಚಿ ಹೇಗೆ, ಹತ್ತು ವರ್ಷದ ಹಿಂದೆ ಹೇಗಿತ್ತು ಎಂಬುದನ್ನು ಅಲ್ಲಿನ ಹಿರಿಯರಿಂದ ಕೇಳಿ ಬಂದು ಹೇಳಲಿ. ಆಮೇಲೆ ತನ್ನ ಊರಿನ ಗ್ರಾಮಸಭೆಯಲ್ಲಿ, ಗುಡ್ಡದ ನೆತ್ತಿಯಲ್ಲಿ ಹೊಸದಾಗಿ ಏಳುತ್ತಿರುವ ರೆಸಾರ್ಟಿನವರಿಗೆ ಅವೇ ಎರಡು ಪ್ರಶ್ನೆಗಳನ್ನು ಕೇಳಲಿ: ನೀರು ಎಲ್ಲಿಂದ ಬರುತ್ತದೆ? ಕೊಳೆನೀರು ಎಲ್ಲಿಗೆ ಹೋಗುತ್ತದೆ? ಆ ಪ್ರಶ್ನೆಗಳನ್ನು ಕೇಳುವ ಧೈರ್ಯ ಬಂದರೆ ಪ್ರವಾಸಕ್ಕೆ ಮಾಡಿದ ಖರ್ಚು ವ್ಯರ್ಥವಾಗಲಿಲ್ಲವೆಂದೇ ತಿಳಿಯಬೇಕು.